ಕ್ರಮಸಂಖ್ಯೆ ಆರು

ಈಗ ನಾನೂ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬಿ.ಎ. ಕೊನೆಯ ಸೆಮಿಸ್ಟರಿನ ಮಕ್ಕಳು ಪ್ರಾಜೆಕ್ಟ್ ವರದಿ ಹಿಡಿದುಕೊಂಡು ಬರುತ್ತಾರೆ. ಅದರಲ್ಲಿ ಅರ್ಧ ಜನ ಹಾಸ್ಟೆಲಿನ ಮಂಚದ ಮೇಲೆ ಕೂತು, ಮೂರು ಬಣ್ಣದ ಪೆನ್ನು ಇಟ್ಟುಕೊಂಡು, ಮೂವತ್ತು ಜನರ ಉತ್ತರವನ್ನೂ ತಾವೇ ಬರೆದಿರುತ್ತಾರೆ. ನೋಡಿದ ಕೂಡಲೇ ಗೊತ್ತಾಗುತ್ತದೆ. "ನಾಚಿಕೆ ಆಗಲ್ವೇನ್ರೋ? ಇಲ್ಲದ ಮನುಷ್ಯರನ್ನ ಹುಟ್ಟಿಸಿದ್ದೀರಲ್ಲ!" ಅಂತ ಬೈಯುತ್ತೇನೆ. ಬೈದು ಸ್ಟಾಫ್ ರೂಮಿಗೆ ಬಂದು ಕೂತಾಗ ಮಾತ್ರ, ಸುಳ್ಳು ಯಾಕೆ ಹೇಳಲಿ, ಒಂದು ಥರ ಸಮಾಧಾನವೂ ಆಗುತ್ತದೆ. ಇಲ್ಲದ ಮನುಷ್ಯರ ಕೆಲಸ ಹೋಗುವುದಿಲ್ಲ.

ನನ್ನ ಪ್ರಾಜೆಕ್ಟಿನಲ್ಲಿದ್ದವರು ಇರುವ ಮನುಷ್ಯರೇ. ಒಂಬತ್ತು ಜನ ಆಯಾಗಳು, ದಾವಣಗೆರೆ ಪಿ.ಜೆ. ಬಡಾವಣೆಯ ಒಂದೇ ನರ್ಸಿಂಗ್ ಹೋಮಿನವರು. ಅವರಲ್ಲಿ ಒಬ್ಬಳು ನಮ್ಮ ಚಿಗವ್ವ, ನನ್ನ ಅವ್ವನ ತಂಗಿ. ಗಂಡ ತೀರಿಕೊಂಡ ಮೇಲೆ ನಮ್ಮೂರು ಹದಡಿಗೆ, ನಮ್ಮ ಮನೆಗೇ ಬಂದು ಇದ್ದಳು. ದಿನಾ ಬೆಳಗಿನ ಮೊದಲ ಬಸ್ಸಿಗೆ ದಾವಣಗೆರೆಗೆ ಹೋಗಿ, ಹೆರಿಗೆ ವಾರ್ಡು ಒರೆಸಿ, ಬೆಡ್‌ಪ್ಯಾನ್ ತೊಳೆದು, ಬಾಣಂತಿಯರಿಗೆ ಬಿಸಿನೀರು ಕೊಟ್ಟು ಸಂಜೆ ಬರುತ್ತಿದ್ದಳು. "ನಾನು ಯಾರ ಹಂಗಿನಾಗೂ ಇಲ್ಲ" ಅನ್ನುವುದು ಅವಳ ಮಾತು. ನಮ್ಮ ಮನೆಯಲ್ಲಿ ತಲೆ ಎತ್ತಿಕೊಂಡು ಅವಳು ಓಡಾಡುತ್ತಿದ್ದದ್ದು ಆ ಕೆಲಸದ ಮೇಲೆ. ಕೆಲಸಕ್ಕೆ ಕಾಗದ ಇರಲಿಲ್ಲ, ಪತ್ರ ಇರಲಿಲ್ಲ. ಬಾ ಅಂದಾಗ ಬಂದಳು, ಹೋಗು ಅಂದರೆ ಹೋಗಬೇಕು, ಅಷ್ಟೇ.

ಸಮಾಜಶಾಸ್ತ್ರದ ನಮ್ಮ ಸರ್‌ಗೆ ನನ್ನ ವಿಷಯ ಬಹಳ ಹಿಡಿಸಿತು. ಹರಿಹರದ ಕಾಲೇಜೊಂದರಲ್ಲಿ ಪದವಿ ವಿದ್ಯಾರ್ಥಿಗಳ ಸಂಶೋಧನಾ ಸಮ್ಮೇಳನ ಇತ್ತು, ಇತಿಹಾಸ, ಅರ್ಥಶಾಸ್ತ್ರ, ಕನ್ನಡ, ಸಮಾಜಶಾಸ್ತ್ರ ಎಲ್ಲದರವರೂ ಬರುತ್ತಿದ್ದರು. ನಮ್ಮ ಕಾಲೇಜಿನಿಂದ ನನ್ನ ಒಬ್ಬಳ ಪ್ರಬಂಧ ಆಯ್ಕೆಯಾಗಿತ್ತು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ! ಹದಡಿ ಬಸ್ಸಿನಲ್ಲಿ ನಿಂತುಕೊಂಡೇ ಮನಸ್ಸಿನಲ್ಲಿ ಭಾಷಣ ಮಾಡುತ್ತಿದ್ದೆ.

ಸಂದರ್ಶನ ನಡೆದದ್ದು ನರ್ಸಿಂಗ್ ಹೋಮಿನ ಮೆಟ್ಟಿಲ ಕೆಳಗೆ, ಆಯಾಗಳು ಬುತ್ತಿ ಬಿಚ್ಚುವ ಜಾಗದಲ್ಲಿ. ಚಿಗವ್ವ ಎಲ್ಲರಿಗೂ ಹೇಳಿಟ್ಟಿದ್ದಳು: "ನಮ್ಮ ಹುಡುಗಿ ಓದಿಗೆ ಬೇಕಂತೆ, ಕೇಳಿದ್ದು ಹೇಳ್ರಿ." ಅವರು ರೊಟ್ಟಿ ಮುರಿಯುತ್ತಾ ಹೇಳಿದರು, ನಾನು ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಬರೆದೆ. ಹರಿಹರದಿಂದ ಬರುವ ಒಬ್ಬಳಿದ್ದಳು. ಎತ್ತರದ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಳು, ಮಾತು ಕಡಿಮೆ. ಅವಳ ಸರದಿ ಆರನೆಯದು. ಕೆಲಸದಲ್ಲಿ ಅತಿ ಕಷ್ಟದ್ದು ಯಾವುದು ಅಂತ ಕೇಳಿದೆ. ನೆಲ ಒರೆಸುವುದು, ರಾತ್ರಿ ಪಾಳಿ, ಇಂಥದ್ದೇನೋ ಹೇಳುತ್ತಾಳೆ ಅಂದುಕೊಂಡಿದ್ದೆ.

"ಜೀವಂತ ಕೂಸು ಹುಟ್ಟಿದ್ರೆ ಹೊರಗೆ ತಂದು ತೋರ್ಸಾಕೆ ಎಲ್ಲಾರೂ ಮುಂದು. ಸಿಸ್ಟರೂ ಬರ್ತಾರೆ, ಡಾಕ್ಟ್ರೂ ನಗ್ತಾ ಬರ್ತಾರೆ. ಸತ್ತು ಹುಟ್ಟಿದ್ರೆ ಒಬ್ರೂ ಹೊರಗೆ ಬರಲ್ಲ. ಬಟ್ಟೆಯಾಗೆ ಸುತ್ತಿ ನಮ್ಮ ಕೈಯಾಗೆ ಕೊಡ್ತಾರೆ. ನಾವು ತಗಂಡೋಗಿ ಅದರ ಅಪ್ಪನ ಕೈಯಾಗೆ ಇಡಬೇಕು. ಅವನು ನಮ್ಮ ಮುಖ ನೋಡ್ತಾನೆ. ಏನು ಹೇಳಾಣ ಹೇಳು? ಹತ್ತು ವರ್ಷದಾಗೆ ಎಷ್ಟು ಇಟ್ಟೀನೋ."

ಚಿಗವ್ವ ಕೂಡ ಇದನ್ನು ಮನೆಯಲ್ಲಿ ಒಂದು ದಿನವೂ ಹೇಳಿದ್ದಿಲ್ಲ. ನನ್ನ ಪ್ರಬಂಧಕ್ಕೆ ಜೀವ ಬಂದದ್ದು ಆ ಮಾತಿನಿಂದಲೇ. ಅದನ್ನು ಕೇಳಿ ಸರ್, "ಇದನ್ನ ಹಿಂಗೇ ಓದಮ್ಮ, ಒಂದಕ್ಷರ ತಿದ್ದಬೇಡ" ಅಂದರು.

ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ಉತ್ತರ ಕೊಟ್ಟವರ ಒಪ್ಪಿಗೆ ಪತ್ರ ಬೇಕು, ಒಬ್ಬೊಬ್ಬರದು ಬೇರೆ ಬೇರೆ ಹಾಳೆಯಲ್ಲಿ. ಉತ್ತರದ ಹಾಳೆಯ ಮೇಲೆ ಹೆಸರು ಬೇಡ, ಬರೀ ಸಂಖ್ಯೆ ಇರಲಿ. ಎರಡನೆಯದನ್ನು ಪಾಲಿಸಿದೆ. ಮೊದಲನೆಯದಕ್ಕೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಒಂಬತ್ತು ಹಾಳೆ ಯಾಕೆ ಅಂತ ಒಂದೇ ಉದ್ದನೆಯ ಹಾಳೆ ತೆಗೆದುಕೊಂಡು ಸ್ಕೇಲ್ ಇಟ್ಟು ಗೆರೆ ಎಳೆದೆ. ಕ್ರಮಸಂಖ್ಯೆ, ಹೆಸರು, ಊರು, ಸಹಿ. ಮೇಲೆ ಬರೆದೆ: "ಈ ಕೆಳಗೆ ಸಹಿ ಮಾಡಿರುವ ನಾವುಗಳು." ಆ ಸಾಲು ಅದಾಗಿಯೇ ಬಂತು. ನಮ್ಮೂರಲ್ಲಿ ಬಸ್ಸು ನಿಲ್ಲಿಸಿದರೆ, ನಲ್ಲಿ ಬತ್ತಿದರೆ, ಅಪ್ಪ ಹಿಂಗೇ ಗೆರೆ ಎಳೆದು ಹಿಂಗೇ ಬರೆಯುತ್ತಿದ್ದ, ಊರವರೆಲ್ಲ ಸಾಲಾಗಿ ಸಹಿ ಹಾಕುತ್ತಿದ್ದರು. ಹತ್ತು ಜನರ ಸಹಿ ಒಂದು ಹಾಳೆಯ ಮೇಲೆ ಬಿತ್ತು ಅಂದರೆ ನಮ್ಮ ಕಡೆ ಅದಕ್ಕೊಂದೇ ಅರ್ಥ, ಮನವಿ. ಹಿರಿಯಳು ಅಂತ ಚಿಗವ್ವನ ಸಹಿ ಒಂದನೇ ನಂಬರಿಗೆ ಹಾಕಿಸಿದೆ. ಮನವಿಯಲ್ಲಿ ಒಂದನೇ ನಂಬರಿನವರು ಅಂದರೆ ಮುಂದಾಳು. ಅದೂ ನನಗೆ ಗೊತ್ತಿದ್ದದ್ದೇ!

ಒಂಬತ್ತನೆಯವಳು ಉತ್ತರ ಹೇಳಿದ ಮೇಲೆ ರಾತ್ರಿ ಪಾಳಿಗೆ ಹೋಗಿದ್ದಳು, ಅವಳ ಸಹಿ ಉಳಿದಿತ್ತು. ಹಾಳೆಯನ್ನು ರಿಸೆಪ್ಷನ್ ಹುಡುಗಿಯ ಕೈಗೆ ಕೊಟ್ಟು, "ಅವರು ಬಂದಾಗ ಇದರ ಮೇಲೆ ಸಹಿ ಹಾಕಿಸಿಡ್ರಿ" ಅಂದೆ. ಆ ಹುಡುಗಿ ಓದಿ ನೋಡಿದಳು. ನೋಡಿ ಮೇಡಂ ಕೈಗೆ ಕೊಟ್ಟಳು. ಮೇಡಂ ಅಂದರೆ ಡಾಕ್ಟರ ಹೆಂಡತಿ, ನರ್ಸಿಂಗ್ ಹೋಮಿನ ಕಾರುಬಾರು ಪೂರ್ತಿ ಅವರದೇ.

ಬುಧವಾರ ಚಿಗವ್ವ ಮಧ್ಯಾಹ್ನವೇ ಮನೆಗೆ ಬಂದಳು. ಬುತ್ತಿಯ ಗಂಟು ಹಾಗೇ ಇತ್ತು.

"ಬರಬ್ಯಾಡ ಅಂದ್ರು. ಸಂಘ ಕಟ್ತೀಯೇನು, ಲೇಬರ್ ಆಫೀಸಿಗೆ ಅರ್ಜಿ ಕೊಡ್ತೀಯೇನು ಅಂದ್ರು. ನಾನು ಎಲ್ಲಿ ಅರ್ಜಿ ಕೊಟ್ಟೆ? ಅದ್ಯಾಕ ಹಂಗ ಬರದಿದ್ದೆ ನೀನು?"

ಐವತ್ತು ದಾಟಿದ ಹೆಂಗಸು. ಪಿ.ಜೆ. ಬಡಾವಣೆಯಲ್ಲಿ ಒಂದು ನರ್ಸಿಂಗ್ ಹೋಮಿನವರು ಕಳಿಸಿದವಳನ್ನು ಇನ್ನೊಂದರವರು ಸೇರಿಸಿಕೊಳ್ಳುವುದಿಲ್ಲ, ಅವರವರು ಫೋನಿನಲ್ಲೇ ಮಾತಾಡಿಕೊಂಡಿರುತ್ತಾರೆ. ಚಿಗವ್ವ ನನ್ನನ್ನು ಬೈಯಲಿಲ್ಲ. ಹಿತ್ತಲಿಗೆ ಹೋಗಿ ಇದ್ದಬದ್ದ ಪಾತ್ರೆಯನ್ನೆಲ್ಲ ತಿಕ್ಕಿದಳು, ತೊಳೆದಿಟ್ಟಿದ್ದನ್ನೂ ತಂದು ತಿಕ್ಕಿದಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಸರ್ ಹತ್ತಿರ ಓಡಿದೆ. ಅವರು ಪ್ರಿನ್ಸಿಪಾಲರ ಹತ್ತಿರ ಹೋದರು. ಕಾಲೇಜಿನ ಹೆಸರು ಎಲ್ಲೂ ಬರಕೂಡದು ಅಂದುಬಿಟ್ಟರಂತೆ. ಇದು ಬರೀ ಸ್ಟಡಿ, ಅರ್ಜಿ ಅಲ್ಲ ಅಂತ ಸರ್ ತಮ್ಮ ಸಹಿ ಹಾಕಿ ಒಂದು ಪತ್ರ ಬರೆದುಕೊಟ್ಟರು. ಗುರುವಾರ ಬೆಳಗ್ಗೆ ಅದನ್ನು ಹಿಡಿದುಕೊಂಡು, ಬಸುರಿಯರ ಸಾಲಿನಲ್ಲಿ ಕೂತು, ಮಧ್ಯಾಹ್ನದ ತನಕ ಕಾದೆ. ಒಳಗೆ ಬಿಟ್ಟಾಗ ಮೇಡಂ ನನ್ನ ಹಾಳೆಯನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟರು.

"ಸ್ಟಡಿ ಅಂತೀಯ. ಕೆಳಗೆ ಸಹಿ ಮಾಡಿರುವ ನಾವುಗಳು ಅಂದ್ರೆ ಸ್ಟಡಿನಾ?"

"ತಪ್ಪಾತು ಮೇಡಂ. ನಂಗೆ ಬರೆಯಾಕೆ ಬರಲಿಲ್ಲ. ಚಿಗವ್ವಂದು ಏನೂ ತಪ್ಪಿಲ್ರಿ. ದಮ್ಮಯ್ಯ ಅಂತೀನಿ, ಅವಳ್ನ ಕರ್ಕೊಳ್ರಿ."

ಕಾಲು ಹಿಡಿಯಲು ಬಗ್ಗಿದೆ. ಅವರು ಕುರ್ಚಿ ಹಿಂದಕ್ಕೆ ಸರಿಸಿದರು. ಕೆಟ್ಟವರಲ್ಲ ಅನ್ನಿಸುವಷ್ಟು ಮೆತ್ತಗೆ ಹೇಳಿದರು: "ಏನೇನು ಬರ್ಕೊಂಡಿದ್ದೀಯೋ ಎಲ್ಲಾ ತಂದುಕೊಡು. ಎಲ್ಲೂ ಓದಲ್ಲ, ಪ್ರಿಂಟ್ ಮಾಡಲ್ಲ ಅಂತ ಬರ್ದುಕೊಡು. ಆಮೇಲೆ ನೋಡೋಣ."

ಚೀಲದಲ್ಲೇ ಇತ್ತು ಎಲ್ಲ. ಒಂಬತ್ತು ಜನರ ಉತ್ತರದ ಹಾಳೆ, ಅದರ ಜೊತೆಗೆ ಪ್ರಬಂಧ. ಒಂದು ಗಳಿಗೆ ಕೈ ಹಿಂದೆಗೆಯಿತು. ಹೆಸರಿಲ್ಲವಲ್ಲ, ಬರೀ ನಂಬರು ತಾನೇ, ಇದರಿಂದ ಯಾರಿಗೇನಾಗುತ್ತದೆ ಅಂದುಕೊಂಡೆ. ಚಿಗವ್ವ ಪಾತ್ರೆ ತಿಕ್ಕುತ್ತಿದ್ದದ್ದು ಕಣ್ಣ ಮುಂದೆ ಬಂತು. ತೆಗೆದು ಕೊಟ್ಟುಬಿಟ್ಟೆ. ಅವರು ಹೇಳಿದ ಹಾಗೆ ಬರೆದು ಸಹಿಯನ್ನೂ ಹಾಕಿದೆ. ಮೇಜಿನ ಮೇಲೆ, ಒಂದು ಗೇಣು ಆಚೆಗೆ, ನನ್ನದೇ ಅಕ್ಷರದಲ್ಲಿ ಒಂದರಿಂದ ಒಂಬತ್ತರ ತನಕ ಅದೇ ನಂಬರು, ನಂಬರಿನ ಎದುರಿಗೆ ಹೆಸರು, ಊರು ಇದ್ದ ಹಾಳೆ ಬಿದ್ದಿತ್ತು. ಅದನ್ನು ನೋಡಿಯೂ ನೋಡಲಿಲ್ಲ ನಾನು.

ಶುಕ್ರವಾರ ಬೆಳಗ್ಗೆ ಚಿಗವ್ವನಿಗೆ ಫೋನು ಬಂತು. ಖುಷಿಯಾಗಿ ಹೋದಳು. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಸಂಜೆ ಚಿಗವ್ವ ಬಂದವಳೇ ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲಿ ನಿಂತು ಕೇಳಿದಳು.

"ನಮ್ಮ ಮಾತು ಬರಕಂಡಿದ್ಯಲ್ಲ, ಆ ಹಾಳೆಗಳ್ನ ಕೊಟ್ಟೀಯೇನು?"

"ಹೆಸರಿಲ್ಲ ಅದರಾಗೆ, ಚಿಗವ್ವ."

"ನಂಬರ್ ಐತಲ್ಲ. ಸಹಿ ಮಾಡಿದ್ದೂ ಇದೂ ಪಕ್ಕದಾಗೆ ಇಟ್ಕಂಡು ಒಬ್ಬೊಬ್ಬರ್ನೇ ಕರದು ಓದಿದ್ರು. ಆರನೇದನ್ನ ಎರಡು ಸಲ ಓದಿದ್ರು. ಡಾಕ್ಟ್ರು ಹೊರಗೆ ಬರಲ್ಲ ಅಂತೀಯೇನು ಅಂದ್ರು. ಹರಿಹರದಾಕಿನ್ನ ಕಳಿಸಿಬಿಟ್ರು. ಇನ್ನ ಅಲ್ಲಿ ನನ್ನ ಮುಖ ಯಾರು ನೋಡ್ತಾರೆ?"

ಒಬ್ಬಳ ಅನ್ನ ಉಳಿಸುತ್ತೇನೆ ಅಂತ ಹೋಗಿ, ನಂಬಿ ಹೇಳಿದವರ ಮಾತನ್ನೆಲ್ಲ ಅವರ ಯಜಮಾನರ ಕೈಗೇ ಒಪ್ಪಿಸಿ ಬಂದಿದ್ದೆ. ಥೂ ನನ್ನ ಜನ್ಮಕ್ಕಿಷ್ಟು! ಚಿಗವ್ವ ಉಣ್ಣಲಿಲ್ಲ. ಬೆಳಗ್ಗೆ ಎದ್ದು ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಹೋಗದೆ ಏನು ಮಾಡುತ್ತಾಳೆ?

ಅವತ್ತು ಶನಿವಾರ, ಸಮ್ಮೇಳನದ ದಿನ. ಪ್ರಬಂಧ ವಾಪಸ್ ತೆಗೆದುಕೊಂಡಿದ್ದೇನೆ ಅಂತ ಖುದ್ದಾಗಿ ಹೋಗಿ ಬರೆದುಕೊಟ್ಟು ಬಾ ಅಂದಿದ್ದರು ಸರ್. ಹಂಗೇ ಆರನೇ ನಂಬರಿನ ಆ ಅಕ್ಕನ ಮನೆ ಹುಡುಕಿ ಕಾಲಿಗೆ ಬೀಳಬೇಕು ಅಂತಲೂ ಇತ್ತು. ಬಿದ್ದರೆ ಏನು ಬಂತು ಅನ್ನುವುದು ಗೊತ್ತಿರಲಿಲ್ಲ. ಹರಿಹರ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ವಾಪಸ್ ಅದೇ ಬಸ್ಸು ಹತ್ತಿಬಿಡೋಣ ಅನ್ನಿಸಿತು.

ಕಾಲೇಜಿನ ಬಾಗಿಲ ಹತ್ತಿರ ಮೇಜು ಹಾಕಿಕೊಂಡಿದ್ದ ಹುಡುಗನಿಗೆ ಪತ್ರ ಕೊಟ್ಟೆ. ಅವನು ಓದದೆಯೇ ಫೈಲಿಗೆ ಸೇರಿಸಿ, ನನ್ನ ಕೈಗೊಂದು ಬ್ಯಾಡ್ಜ್ ಕೊಟ್ಟು, ಒಳಗೆ ಕೂಡ್ರಿ ಮೇಡಂ ಅಂದ. ಜೀವನದಲ್ಲಿ ಮೊದಲ ಸಲ ನನ್ನನ್ನು ಮೇಡಂ ಅಂದದ್ದು ಅವನು. ಸಭಾಂಗಣದ ಕೊನೆಯ ಸಾಲಿನಲ್ಲಿ ಆ ಅಕ್ಕ ಕೂತಿದ್ದಳು.

ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು, ಮದುವೆಗೆ ಉಡುವಂಥದ್ದು. ಕನ್ನಡಕಕ್ಕೆ ಹೊಸ ದಾರ. ನನ್ನನ್ನು ನೋಡಿ ಪಕ್ಕದ ಕುರ್ಚಿ ತೋರಿಸಿದಳು. "ಬಾ ಕೂಡು. ನೀನೇ ಹೇಳಿದ್ದಲ್ಲ, ಇವತ್ತು ನಮ್ಮೂರಾಗೆ ಓದ್ತೀನಿ ಅಂತ. ಕೆಲಸ ಹೆಂಗೂ ಹೋತು, ಮನ್ಯಾಗ ಕುಂತು ಏನು ಮಾಡಾಣ ಅಂತ ಕೇಳಾಕ ಬಂದೆ."

ಅಕ್ಕ ಅಂದೆ, ಅಷ್ಟಕ್ಕೇ ನಿಲ್ಲಿಸಿ ಕೈಯಲ್ಲಿದ್ದ ಬ್ಯಾಡ್ಜನ್ನು ತಿರುವಿ ತಿರುವಿ ನೋಡಿದೆ. ನನಗೆ ಭಯ ಆಗಿರಬೇಕು ಅಂದುಕೊಂಡು ಅವಳು ನನ್ನ ಕೈ ಹಿಡಿದುಕೊಂಡಳು. ಫಿನಾಯಿಲ್ ತಿಂದು ಒರಟಾದ ಕೈ. ವೇದಿಕೆಯ ಮೇಲೆ ಯಾರೋ ಹುಡುಗ ಕೋಟೆಗಳ ಬಗ್ಗೆ ಓದಿ ಇಳಿದ. ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ನನ್ನ ಪತ್ರ ಮೈಕ್ ಹಿಡಿದಿದ್ದವರ ತನಕ ಹೋಗಿಯೇ ಇರಲಿಲ್ಲ. ನನ್ನ ಹೆಸರು ಕೂಗಿದರು.

"ನಿನ್ನೇ ಕರೀತಾರೆ. ಏಳವ್ವ."

ಅವಳ ಮಾತು ನನಗೆ ಬಾಯಿಪಾಠವಾಗಿತ್ತು. ಕಾಗದ ಬೇಕಾಗಿರಲಿಲ್ಲ. ಎದ್ದು ಹೋಗಿ ಹೇಳಿದ್ದರೆ ಎರಡು ನಿಮಿಷದ ಕೆಲಸ. ಆದರೆ ಆ ಹೊತ್ತಿಗೆ ಚಿಗವ್ವ ಹೆರಿಗೆ ವಾರ್ಡು ಒರೆಸುತ್ತಿದ್ದಳು. ಸಭಾಂಗಣದಲ್ಲಿ ಹತ್ತು ಜನರ ಕೈಯಲ್ಲಿ ಮೊಬೈಲ್ ಇತ್ತು, ವಿಡಿಯೋ ಆಗುತ್ತಿತ್ತು. ಹೆಸರನ್ನು ಇನ್ನೊಂದು ಸಲ ಕೂಗಿದರು. ನಾನು ತಲೆ ಬಗ್ಗಿಸಿ ಕೂತೆ. ಗೈರುಹಾಜರು ಅಂದರು, ಮುಂದಿನವರನ್ನು ಕರೆದರು.

ಅವಳು ನನ್ನ ಕೈ ಬಿಟ್ಟಳು.

"ಬರೆದುಕೊಟ್ಟೀನಿ ಅಕ್ಕ," ಅಂದೆ. "ಎಲ್ಲೂ ಓದಲ್ಲ ಅಂತ ಮೇಡಂಗೆ ಬರೆದುಕೊಟ್ಟೀನಿ. ಚಿಗವ್ವನ್ನ ಕರ್ಕೊಳ್ಳಲಿ ಅಂತ. ಹಾಳೆ ಕೊಟ್ಟಿದ್ದೂ ನಾನೇ."

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಸಿಟ್ಟಿನಿಂದ ಕೇಳಲಿಲ್ಲ. ತಿಳಿದುಕೊಳ್ಳೋಣ ಅಂತ ಕೇಳುವವರ ಹಾಗೆ, ನನ್ನ ಕಡೆ ತಿರುಗಿ ಕೇಳಿದಳು.

"ಹಂಗಾದ್ರೆ ನನ್ನ ಕೆಲಸ ಯಾತಕ್ಕೆ ಹೋತವ್ವ?"