ಏಣಿ ಕೆಳಗಿನ ಗಿಣಿ

ಗಿಣಿ ಜೀವಶಾಸ್ತ್ರ ತೆಗೆದುಕೊಂಡದ್ದು ಅದರ ಮೇಲಿನ ಪ್ರೀತಿಯಿಂದೇನೂ ಅಲ್ಲ. ಅವಳು ಓದಲು ಸೇರಿದ್ದು ಇತಿಹಾಸ. ಆದರೆ ಮೊದಲ ವರ್ಷದಲ್ಲಿ ಯಾರೇ ಆದರೂ ಒಂದು ವಿಜ್ಞಾನ ಓದಲೇಬೇಕು ಎಂದು ಕಾಲೇಜಿನ ನಿಯಮ. ಭೌತಶಾಸ್ತ್ರ ಎಂದರೆ ಅವಳಿಗೆ ಎದೆ ಢವಢವ, ರಸಾಯನಶಾಸ್ತ್ರದ ವಾಸನೆ ಆಗದು, ಉಳಿದದ್ದು ಇದೊಂದೇ. "ಚಿತ್ರ ಬಿಡಿಸಿದ್ರೆ ಪಾಸು, ಯೋಚನೆ ಮಾಡ್ಬೇಡ" ಎಂದು ಎರಡನೇ ವರ್ಷದವರು ಧೈರ್ಯ ತುಂಬಿದ್ದರು. ಆ ಚಿತ್ರವೇ ಅವಳ ಬುಡಕ್ಕೆ ಬರುತ್ತದೆಂದು ಪಾಪ, ಅವರಿಗೇನು ಗೊತ್ತಿತ್ತು.

ಗಿಣಿ ಎಂಬುದು ಅವಳ ಅಪ್ಪನ ಜೊತೆಗಾರರು ಇಟ್ಟ ಅಡ್ಡಹೆಸರು. ಅಪ್ಪ ಎಲೆಕ್ಟ್ರಿಷಿಯನ್. ಐದಾರು ವರ್ಷದವಳಿದ್ದಾಗ ರಜೆ ಬಂತೆಂದರೆ ಅವಳು ಅವನ ಬೆನ್ನು ಬಿಡುತ್ತಿರಲಿಲ್ಲ. ಅವನು ಏಣಿಯ ಮೇಲೆ, ಇವಳು ಕೆಳಗೆ. ಅವನು ತಂತಿಗಳ ತುದಿ ಇಳಿಬಿಟ್ಟು "ಯಾವುದು ಯಾವ ಬಣ್ಣ, ಹೇಳು ನೋಡೋಣ" ಎನ್ನುವನು. ಇವಳು ಒಂದೊಂದನ್ನೇ ಹಿಡಿದು "ಕೆಂಪು, ಕಪ್ಪು, ಹಸಿರು" ಎಂದು ಉಲಿಯುವಳು. "ಶಹಬ್ಬಾಸ್" ಎಂದು ಮೇಲಿನಿಂದ ಬರುವುದು. ಅದು ಅಪ್ಪ ಮಗಳ ಆಟ. ಅಂಥ ಸುಖದ ಆಟವನ್ನು ಅವಳು ಮತ್ತೆ ಆಡಲಿಲ್ಲ.

ಆಟ ನಿಂತದ್ದು ಅವಳಿಗೆ ಏಳು ವರ್ಷವಾದಾಗ. ಅಮ್ಮ ಆಗ ಹೊಲಿಗೆಯಲ್ಲಿ ಎತ್ತಿದ ಕೈ. ಕಾಲಲ್ಲಿ ತುಳಿದು ತುಳಿದು ಮಂಡಿ ನೋವೆಂದು ಅಪ್ಪ ಹೊಲಿಗೆ ಮಿಷನ್ನಿಗೆ ಒಂದು ಮೋಟರ್ ತಂದು ಕೂರಿಸಿದ. ತಂತಿ ಎಳೆದ, ಪ್ಲಗ್ ಜೋಡಿಸಿದ, "ಹಾಕು" ಎಂದ. ಅಮ್ಮ ಸ್ವಿಚ್ ಹಾಕಿ ಕಾಲ ಕೆಳಗಿನ ಪೆಡಲ್ ಒತ್ತಿದಳು. ಮೋಟರ್ ತಿರುಗಲಿಲ್ಲ. ಏನಾಯ್ತು ಇದಕ್ಕೆ ಎಂದು ಅವಳು ಮಿಷನ್ನಿನ ಚಕ್ರಕ್ಕೆ ಕೈ ಹಾಕಿದಳು. ಹಾಕಿದ ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಅಪ್ಪ ಹಾರಿ ಪ್ಲಗ್ ಕಿತ್ತೆಸೆಯುವಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಪ್ಲಗ್ಗಿನೊಳಗೆ ಕೆಂಪು ತಂತಿಯ ಜಾಗದಲ್ಲಿ ಹಸಿರು, ಹಸಿರಿನ ಜಾಗದಲ್ಲಿ ಕೆಂಪು. ಮೋಟರಿಗೆ ಹೋಗಬೇಕಾದ ಕರೆಂಟು ಮಿಷನ್ನಿನ ಮೈಗೆ ಬಂದಿತ್ತು. ಅಮ್ಮನ ಜೀವ ಉಳಿಯಿತು. ಬಲಗೈಯ ಎರಡು ಬೆರಳು ಮಾತ್ರ ಅಂದಿನಿಂದ ಮಡಚುವುದಿಲ್ಲ, ಸೂಜಿ ಹಿಡಿಯುವ ಮಾತೇ ಇಲ್ಲ.

ಮಿಷನ್ ಮಂಚದ ಕೆಳಗೆ ಹೋಯಿತು. ಅಮ್ಮ ಬಟ್ಟೆ ಕಾರ್ಖಾನೆಯೊಂದರಲ್ಲಿ ಶೇಡ್ ನೋಡುವ ಕೆಲಸಕ್ಕೆ ಸೇರಿದಳು. ಒಂದೇ ನೀಲಿಯ ಹತ್ತು ಥಾನು ಬಟ್ಟೆ ಮುಂದಿಟ್ಟರೆ ಯಾವುದು ಕೂದಲೆಳೆಯಷ್ಟು ಬೇರೆ ಎಂದು ಹೇಳುವ ಕೆಲಸ. ಅದರಲ್ಲೂ ಅವಳೇ ಮುಂದು. ಮನೆಯಲ್ಲಿ ಅವಳು ಹೊರಡಿಸಿದ ಕಾನೂನು ಒಂದೇ: ಈ ಮನೆಯ ಯಾವ ಸ್ವಿಚ್ಚನ್ನೂ ಗಂಡ ಬಿಚ್ಚಕೂಡದು. ಫ್ಯಾನ್ ಕೆಟ್ಟರೆ ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಬರಬೇಕು. ಅವನು ಮೇಜಿನ ಮೇಲೆ ನಿಂತು ಕೆಲಸ ಮಾಡುವಾಗ ಈ ಎಲೆಕ್ಟ್ರಿಷಿಯನ್ ಕುರ್ಚಿಯಲ್ಲಿ ಕೂತು ಪೇಪರ್ ಓದಬೇಕು. "ಊರಿಗೆಲ್ಲ ಬೆಳಕು ಕೊಡೋರು, ಹೆಂಡ್ತಿ ಕೈ ಮಾತ್ರ ಸುಟ್ರು" ಎಂದು ಅಮ್ಮ ಬಂದವರ ಮುಂದೆಲ್ಲ ಹೇಳುವಳು. ಅಪ್ಪ ಪುಟ ತಿರುಗಿಸುವನು.

ಹೊರಗೂ ಅವನ ಮಾನ ಅಷ್ಟಕ್ಕಷ್ಟೇ. ಆ ಘಟನೆಯ ನಂತರ ಅವನು ಪ್ರತಿ ತಂತಿಗೂ ಎರಡೂ ತುದಿಯಲ್ಲಿ ಕಾಗದದ ಪಟ್ಟಿ ಸುತ್ತಿ ನಂಬರ್ ಬರೆಯತೊಡಗಿದ. ಟೆಸ್ಟರ್ ಒಮ್ಮೆ ಇಟ್ಟರೆ ಸಾಲದು, ಎರಡು ಸಲ ಇಡುವನು. ಒಂದು ಗಂಟೆಯ ಕೆಲಸ ಮರುದಿನಕ್ಕೆ ಹೋಗುವುದು. ಕಂಟ್ರಾಕ್ಟರುಗಳು ಅವನನ್ನು 'ನಾಳೆಯಣ್ಣ' ಎಂದು ಕರೆದರು. ಗಿಣಿಗೆ ನಾಚಿಕೆ. ಶಾಲೆಯಲ್ಲಿ ಅಪ್ಪನ ಕೆಲಸ ಕೇಳಿದರೆ ಮಾತು ಹಾರಿಸುವಳು. ಅಮ್ಮನ ನೆಟ್ಟಗೆ ನಿಂತ ಬೆರಳು ಕಂಡಾಗಲೆಲ್ಲ ಅವನ ಮೇಲೆ ಸಿಟ್ಟು ಉಕ್ಕುವುದು. ಹನ್ನೊಂದು ವರ್ಷ ಅವಳು ಅವನೊಂದಿಗೆ ಬೇಕಾದಷ್ಟೇ ಮಾತಾಡಿದ್ದಳು.

ಇನ್ನು ಜೀವಶಾಸ್ತ್ರದ ಕಥೆ. ನೂರಿಪ್ಪತ್ತು ಜನರ ಕ್ಲಾಸು, ಮೇಡಂ ಮಾತು ತಡೆಯಿಲ್ಲದ ಬಸ್ಸು. ಪಾಠದ ಕೊನೆಗೆ ಅರ್ಧ ಕ್ಲಾಸು ಹಿಂದಿನ ನಿಲ್ದಾಣದಲ್ಲೇ ಉಳಿದಿರುತ್ತಿತ್ತು. ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟ ದಿನ ಗಿಣಿ ಸಾಲುಸಾಲು ಕಾಲಿನ ಒಂದು ಭಯಂಕರ ಪ್ರಾಣಿಯ ಚಿತ್ರ ಬಿಡಿಸಿದ್ದಳು. ಮೇಡಂ ನೋಡಿ, "ಇದು ನಿನ್ನ ರೆಪ್ಪೆ ಕಣಮ್ಮ, ಕಣ್ಣು ಸ್ವಲ್ಪ ಹಿಂದೆ ತಗೋ" ಎಂದಿದ್ದರು. ಅಷ್ಟಾದರೂ ವಾರ ಕಳೆದಂತೆ ಅವಳಿಗೆ ಲ್ಯಾಬ್ ಹಿಡಿಸತೊಡಗಿತ್ತು. ಈರುಳ್ಳಿ ಸಿಪ್ಪೆಯೊಳಗೆ ಇಟ್ಟಿಗೆ ಗೋಡೆ, ತನ್ನದೇ ಕೆನ್ನೆಯೊಳಗಿನಿಂದ ಕೆರೆದು ತೆಗೆದ ಜೀವಕೋಶ. ಮನೆಗೆ ಹೋಗಿ ಅಮ್ಮನಿಗೆ ಹೇಳಿದರೆ ಅಮ್ಮ "ಕೆನ್ನೆ ಕೆರ್ಕೊಳ್ಳೋಕೆ ಕಾಲೇಜಿಗೆ ಹೋಗ್ಬೇಕಾ" ಎಂದಿದ್ದಳು.

ಆ ದಿನದ್ದು ಗಿಡದ ಕಾಂಡದ ಅಡ್ಡಸೀಳು. ಗಾಜಿನ ಪಟ್ಟಿಯ ಮೇಲೆ ತೆಳ್ಳನೆಯ ಬಿಲ್ಲೆ, ಅದಕ್ಕೆ ಮೊದಲೇ ಬಣ್ಣ ಹಾಕಿಟ್ಟಿದ್ದರು. ನೀರು ಹೋಗುವ ನಾಳಗಳು ಕೆಂಪು, ಸುತ್ತಲಿನ ಮೆತ್ತನೆಯ ಭಾಗ ಹಸಿರು. ಕಂಡದ್ದನ್ನು ಕಂಡ ಬಣ್ಣದಲ್ಲೇ ಬಿಡಿಸಬೇಕು. ಗಿಣಿ ತನ್ನ ಬಣ್ಣದ ಪೆನ್ಸಿಲ್ ಡಬ್ಬಿ ಮನೆಯಲ್ಲೇ ಮರೆತಿದ್ದಳು. ಅದರಲ್ಲಿ ಯಾವ ಪೆನ್ಸಿಲ್ ಎಷ್ಟನೆಯದೆಂದು ಅವಳಿಗೆ ಬಾಯಿಪಾಠ. ಪಕ್ಕದಲ್ಲಿ ಕೂರುವ ಗೆಳತಿ, ಎಲ್ಲರೂ 'ಕನ್ನಡಕ' ಎನ್ನುವ ಹುಡುಗಿ, ತನ್ನ ತುಂಡು ಪೆನ್ಸಿಲ್‌ಗಳ ರಾಶಿಯನ್ನು ಮುಂದೆ ಸುರಿದಳು. ಗಿಣಿ ಒಂದೆರಡನ್ನು ಆರಿಸಿ ಬಣ್ಣ ತುಂಬಿದಳು.

ಮೇಡಂ ಬಂದು ರೆಕಾರ್ಡ್ ಪುಸ್ತಕ ಎತ್ತಿದರು. "ಇದೇನಮ್ಮ, ಕಾಂಡಾನೋ ಕಲ್ಲಂಗಡೀನೋ? ಒಳಗೆಲ್ಲ ಕೆಂಪು, ನಾಳ ಹಸಿರು!"

ಕ್ಲಾಸು ನಕ್ಕಿತು. ಗಿಣಿಯೂ ನಕ್ಕಳು. "ಕಂಡಿದ್ದನ್ನೇ ಬಿಡಿಸಿದೀನಿ ಮೇಡಂ."

ಮೇಡಂ ನಗಲಿಲ್ಲ. ಅವಳ ಮುಖವನ್ನೇ ನೋಡಿ, ಬೀರುವಿನಿಂದ ಒಂದು ಪುಸ್ತಕ ತಂದರು. ಪುಟ ತುಂಬ ಚುಕ್ಕಿಗಳು. "ಇಲ್ಲಿ ಏನು ಕಾಣುತ್ತೆ?"

"ಚುಕ್ಕಿ, ಮೇಡಂ."

"ಚುಕ್ಕಿಯೊಳಗೆ?"

"ಚುಕ್ಕಿಯೊಳಗೆ ಇನ್ನೇನಿರುತ್ತೆ?"

ಪಕ್ಕದಿಂದ ಬಗ್ಗಿ ನೋಡಿದ ಕನ್ನಡಕ, ದಪ್ಪ ಗಾಜಿನ ಆ ಹುಡುಗಿ, ಥಟ್ಟನೆ "ಎಪ್ಪತ್ಮೂರು" ಎಂದಳು. ಹಿಂದಿನವನೂ ಎಪ್ಪತ್ಮೂರು ಎಂದ. ಮೇಜಿನ ಸುತ್ತ ಗುಂಪು ಕಟ್ಟಿತು. ಎಲ್ಲರಿಗೂ ಎಪ್ಪತ್ಮೂರು. ಗಿಣಿಗೆ ಇವರೆಲ್ಲ ಸೇರಿ ತಮಾಷೆ ಮಾಡುತ್ತಿದ್ದಾರೆ ಅನ್ನಿಸಿತು. ಪುಸ್ತಕವನ್ನು ಓರೆ ಹಿಡಿದಳು, ಕಿಟಕಿಯ ಬಳಿ ಒಯ್ದಳು. ಅಂಕಿ ಬರಲೇ ಇಲ್ಲ. 

"ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದ ಕಣ್ಣು ನಿಂದು" ಎಂದರು ಮೇಡಂ. "ಗಾಬರಿ ಬೇಡ, ಕಾಯಿಲೆ ಅಲ್ಲ. ಆದ್ರೆ ಹುಡುಗೀರಲ್ಲಿ ಬಲು ಅಪರೂಪ. ನನ್ನ ಇಪ್ಪತ್ತು ವರ್ಷದ ಸರ್ವೀಸಲ್ಲಿ ನೀನೇ ಮೊದಲು!" ಅಪರೂಪದ ವಸ್ತು ಸಿಕ್ಕ ಹುರುಪಿನಲ್ಲಿ ಅವರು ಬೋರ್ಡಿಗೆ ಹೋದರು. "ಎಲ್ಲರೂ ನೋಡಿ. ಹುಡುಗನಿಗೆ ಇದು ತಾಯಿ ಒಬ್ಬಳಿಂದ ಬಂದ್ರೆ ಸಾಕು. ಹುಡುಗಿಗೆ ಎರಡೂ ಕಡೆಯಿಂದ ಬರಬೇಕು. ತಾಯಿಗೆ ಬಣ್ಣ ಚೆನ್ನಾಗೇ ಕಾಣ್ತಿರಬಹುದು, ಅವಳು ಒಳಗೇ ಹೊತ್ತುಕೊಂಡು ದಾಟಿಸ್ತಾಳೆ. ತಂದೆ ಹಾಗಲ್ಲ. ಇವಳಿಗೆ ಇದೆ ಅಂದ್ರೆ ಇವಳ ತಂದೆಗೂ ಕೆಂಪು ಹಸಿರು ಕಾಣಲ್ಲ ಅಂತಲೇ ಲೆಕ್ಕ. ಏನಮ್ಮ, ನಿಮ್ಮ ತಂದೆ ಏನು ಮಾಡ್ತಾರೆ?"

ಮಾತು ಹಾರಿಸುವುದು ಅವಳಿಗೆ ನೆನಪಾಗಲಿಲ್ಲ. "ಎಲೆಕ್ಟ್ರಿಷಿಯನ್."

ಮೇಡಂ ಕೈಯ ಸೀಮೆಸುಣ್ಣ ಬೋರ್ಡಿನ ಮೇಲೆಯೇ ನಿಂತಿತು. 

ಗಿಣಿಗೆ ಮಾತ್ರ ಬೇರೊಂದು ದನಿ ಕೇಳುತ್ತಿತ್ತು. ಏಳು ವರ್ಷದ ಹುಡುಗಿಯ ದನಿ. ಮಿಷನ್ನಿನ ಪಕ್ಕ ನೆಲದ ಮೇಲೆ ಕೂತು, ಅಪ್ಪ ಹಿಡಿದ ಹೊಸ ತಂತಿಯ ಮೂರು ತುದಿ ಮುಟ್ಟಿ, ಕುಣಿಯುತ್ತ ಹೇಳಿದ ದನಿ. ಇದು ಕಪ್ಪು. ಇದು ಕೆಂಪು. ಇದು ಹಸಿರು. ಅದುವರೆಗಿನ ತಂತಿಗಳೆಲ್ಲ ಒಂದೇ ಕಂಪನಿಯವು. ಅವುಗಳಲ್ಲಿ ಕೆಂಪೆಂದರೆ ಅವಳಿಗೆ ಮಂಕಾದದ್ದು, ಹಸಿರೆಂದರೆ ತಿಳಿಯಾದದ್ದು. ಆ ದಿನದ್ದು ಬೇರೆ ಅಂಗಡಿಯ ತಂತಿ. ಅದರಲ್ಲಿ ಎರಡೂ ಮಂಕು. ಅವಳು ಊಹಿಸಿದ್ದಳು. ಶಹಬ್ಬಾಸ್ ಸಿಕ್ಕಿತ್ತು.

ಕೈಗೆ ಸಿಕ್ಕ ಚೀಲ ಹಿಡಿದು ಅವಳು ಹೊರಗೆ ಓಡಿದಳು. ಕಿಸೆಯಲ್ಲಿ ಗೆಳತಿಯ ಒಂದು ಪೆನ್ಸಿಲ್ ಹಾಗೇ ಉಳಿದಿತ್ತು.

ಅಪ್ಪ ಆ ವಾರ ಹೊಸದಾಗಿ ಏಳುತ್ತಿದ್ದ ದಂತವೈದ್ಯರ ಕ್ಲಿನಿಕ್ಕಿನಲ್ಲಿ ವೈರಿಂಗ್ ಮಾಡುತ್ತಿದ್ದ. ಸಿಮೆಂಟಿನ ಧೂಳು, ಗೋಡೆಯ ತೂತುಗಳಿಂದ ಹೊರಬಂದ ತಂತಿ, ಪ್ರತಿ ತಂತಿಗೂ ಕಾಗದದ ಪಟ್ಟಿ. ಏಣಿಯ ಮೇಲಿದ್ದ ಅವನಿಗೆ ಕೆಳಗಿನಿಂದ ಪೆನ್ಸಿಲ್ ಎತ್ತಿ ತೋರಿಸಿದಳು. 

"ಅಪ್ಪ, ಇದು ಯಾವ ಬಣ್ಣ?"

ಅವನು ನಕ್ಕ. ಹನ್ನೊಂದು ವರ್ಷದ ಮೇಲೆ ಮಗಳು ಏಣಿಯ ಕೆಳಗೆ ಬಂದು ನಿಂತದ್ದಕ್ಕೆ ನಕ್ಕ. ಆಮೇಲೆ ಅವಳ ಮುಖ ಕಂಡಿತು. ಮೆಲ್ಲಗೆ ಇಳಿದು ಬಂದು ಪೈಪಿನ ಕಟ್ಟಿನ ಮೇಲೆ ಕೂತ. "ಯಾರು ಹೇಳಿದ್ರು?"

"ಬಯಾಲಜಿ ಮೇಡಂ."

"ನನ್ನ ವಿಷಯ ಅವರಿಗೆ ಹೇಗೆ ಗೊತ್ತು?"

"ನಿನ್ನ ವಿಷಯ ಅಲ್ಲಪ್ಪ. ನನ್ನ ವಿಷಯ."

ಅವನು ತಲೆ ತಗ್ಗಿಸಿದ. ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ ಎಂಬುದು ಅವಳಿಗೆ ಒಂದು ಗಳಿಗೆ ತಡವಾಗಿ ಹೊಳೆಯಿತು. 

"ನಿಂಗೆ ಗೊತ್ತಿತ್ತಾ?"

"ನಂದು ಇಪ್ಪತ್ತನೇ ವಯಸ್ಸಿಗೇ ಗೊತ್ತಾಯ್ತು. ಡ್ರೈವರ್ ಕೆಲಸಕ್ಕೆ ಹೋಗಿದ್ದೆ, ಡಾಕ್ಟ್ರು ಕಣ್ಣು ನೋಡಿ ವಾಪಸ್ ಕಳಿಸಿದ್ರು. ಅಷ್ಟೊತ್ತಿಗೆ ವೈರಿಂಗ್ ಕೆಲಸ ಕೈಗೆ ಹತ್ತಿತ್ತು. ಎಲೆಕ್ಟ್ರಿಷಿಯನ್ ಕಣ್ಣನ್ನ ಯಾರು ನೋಡ್ತಾರೆ? ಯಾರಿಗೂ ಹೇಳ್ಲಿಲ್ಲ. ನಿಮ್ಮಮ್ಮನಿಗೂ." ಅವನು ಅಂಗೈಯ ಧೂಳು ಒರೆಸಿಕೊಂಡ. "ನಿಂದು ಆ ದಿನ ಸಾಯಂಕಾಲ ಗೊತ್ತಾಯ್ತು. ಅವಳನ್ನ ಆಸ್ಪತ್ರೇಲಿ ಮಲಗಿಸಿ ಬಂದು, ಪ್ಲಗ್ಗನ್ನ ತಂತಿ ತುಂಡಿನ ಸಮೇತ ಕತ್ತರಿಸ್ಕೊಂಡು ಹೋಗಿ ಮೂಲೆ ಅಂಗಡಿಯವನಿಗೆ ತೋರಿಸ್ದೆ. ಇದು ಹಸಿರು, ಅದು ಕೆಂಪು ಅಂದ. ನೀನು ಹೇಳಿದ್ದು ತಿರುಗಾ ಮುರುಗಾ ಇತ್ತು."

"ಹನ್ನೊಂದು ವರ್ಷ ಅಮ್ಮನ ಹತ್ರ ಬೈಸ್ಕೊಂಡ್ಯಲ್ಲ. ನನ್ನ ಹತ್ರಾನೂ. ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಅಮ್ಮನ ಕೈ ಹೋಗಿದ್ದು ನಿನ್ನ ಮಾತಿಂದ ಅಂತ ಏಳು ವರ್ಷದ ಮಗೂಗೆ ಹೇಳ್ಲಾ? ಕೇಳಿದವನು ನಾನು. ತಪ್ಪು ಕೇಳಿದವನದ್ದು, ಹೇಳಿದವಳದ್ದಲ್ಲ." ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟ. "ನಿಮ್ಮಮ್ಮನಿಗೆ ಹೇಳ್ಬೇಡ, ಗಿಣಿ. ಗಂಡನ ಮೇಲೆ ಸಿಟ್ಟಿದ್ರೆ ಇರ್ಲಿ, ಅದನ್ನ ಅವಳು ನಿಭಾಯಿಸ್ತಾಳೆ. ಮಗಳ ಮೇಲೆ ಬಂದ್ರೆ ಏನು ಮಾಡ್ತಾಳೆ?"

ಗಿಣಿ ಬಿಕ್ಕಿ ಬಿಕ್ಕಿ ಅತ್ತಳು. ಮಾತು ಕೊಡಲಿಲ್ಲ. 

ಸಂಜೆ ಅಮ್ಮ ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವಳು ಎಲ್ಲ ಹೇಳಿಬಿಟ್ಟಳು. ಕಾಂಡ, ಚುಕ್ಕಿ, ಎಪ್ಪತ್ಮೂರು, ತಂತಿ, ಮೂಲೆ ಅಂಗಡಿ, ಒಂದೇ ಉಸಿರಿಗೆ. "ನಿನ್ನ ಕೈ ಸುಟ್ಟಿದ್ದು ನಾನಮ್ಮ" ಎಂದು ಮುಗಿಸಿದಳು. ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖ ಸುಣ್ಣದಂತಾಯಿತು.

ಅಮ್ಮ ಕೈಚೀಲದಿಂದ ಕೆಲಸದ ಶೇಡ್ ಕಾರ್ಡ್ ತೆಗೆದಳು, ಸಾಲಾಗಿ ದಾರದ ತುಣುಕು ಅಂಟಿಸಿದ್ದು. ಒಂದರ ಮೇಲೆ ಬೆರಳಿಟ್ಟು ಮಗಳನ್ನು ಕೇಳಿದಳು, "ಇದು?" ಗಿಣಿ ಹೇಳಿದಳು. "ಇದು?" ಅದನ್ನೂ ಹೇಳಿದಳು. ಎರಡೂ ತಪ್ಪು. ಅಮ್ಮ ಕಾರ್ಡನ್ನು ಗಂಡನ ಮುಂದೆ ಹಿಡಿದಳು. "ಇದು ರೀ?" ಅವನು ಗೋಡೆ ನೋಡಿದ. ಅವಳು ಅಲ್ಲೇ ನೆಲಕ್ಕೆ ಕುಸಿದು ಕೂತಳು. ಅವಳಿಗೆ ಸಿಡಿಲು ಹೊಡೆದಂತಾಗಿತ್ತು.

"ಇವಳನ್ನ ಕೇಳಿದ್ರಿ" ಎಂದಳು ಕೊನೆಗೆ. ದನಿ ಮೊದಲು ಸಣ್ಣಗಿತ್ತು. "ಹಾಲುಹಲ್ಲಿನ ಮಗೂನ ಕೇಳಿದ್ರಿ. ಅಂಗಡಿಯವನನ್ನ ಕೇಳಿದ್ರಿ. ನಾನು ಮಿಷನ್ ಮುಂದೇನೇ ಕೂತಿದ್ದೆನಲ್ಲರೀ, ನಿಮ್ಮಿಂದ ಎರಡು ಮಾರು ದೂರದಲ್ಲಿ! ಸಾವಿರ ಬಣ್ಣ ಹೇಳೋ ಕಣ್ಣು ನಂದು. ನನ್ನೊಬ್ಬಳನ್ನ ಬಿಟ್ಟು ಊರನ್ನೆಲ್ಲ ಕೇಳಿದ್ರಲ್ಲ!"

"ನಿನ್ನ ಮುಂದೆ ಚಿಕ್ಕವನಾಗೋಕೆ ನಾಚಿಕೆ ಆಯ್ತು" ಎಂದ ಅವನು.

"ಹನ್ನೊಂದು ವರ್ಷದಿಂದ ನಾನು ಮಾಡಿದ್ದೇನು ಮತ್ತೆ? ನಿಮ್ಮನ್ನ ಚಿಕ್ಕವರನ್ನಾಗಿ ಮಾಡಿದ್ದೇ ಅಲ್ವಾ? ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ನನ್ನ ನಾಲಿಗೆಯಾದ್ರೂ ಉಳೀತಿತ್ತು!" ಎಂದು ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಮಗಳು ಹತ್ತಿರ ಬರಲು ಹೆದರಿ ನಿಂತಿದ್ದಳು. ಅಮ್ಮ ತಲೆ ಎತ್ತದೆಯೇ ಕೈ ಚಾಚಿ ಅವಳನ್ನು ಎಳೆದುಕೊಂಡಳು. ಎಳೆದದ್ದು ಬಲಗೈ. ಮಡಚದ ಎರಡು ಬೆರಳು ಗಿಣಿಯ ಬೆನ್ನಿಗೆ ಒತ್ತಿದವು. "ನಿಮ್ಮ ಮೇಡಂ ಹೇಳಿದ್ದು ನಿಜಾನಾ? ನನ್ನ ಕಡೆಯಿಂದಾನೂ ಬಂದಿದ್ಯಾ?"

"ಹೂಂ. ಎರಡೂ ಕಡೆಯಿಂದ ಬರ್ಬೇಕಂತೆ."

"ಹಾಗಾದ್ರೆ ಮೂವರೂ ಸೇರಿ ಸುಟ್ಟಿದ್ದು" ಎಂದಳು ಅಮ್ಮ. ಮೂಗು ಒರೆಸಿಕೊಂಡು ಎದ್ದು, ಮಂಚದ ಕೆಳಗೆ ಬಗ್ಗಿ ಮಿಷನ್ ಎಳೆಯತೊಡಗಿದಳು. ಹನ್ನೊಂದು ವರ್ಷದ ಧೂಳು. ತಂತಿ ಹಾಗೇ ಇತ್ತು, ತುದಿಯಲ್ಲಿ ಪ್ಲಗ್ ಇಲ್ಲದೆ. "ಹೊಸ ಪ್ಲಗ್ ತಗೊಳ್ಳಿ ರೀ, ನಿಮ್ಮ ಚೀಲದಲ್ಲಿರುತ್ತಲ್ಲ."

"ಬೇಡ ಕಣೇ. ಪಕ್ಕದ ಬೀದಿಯವನನ್ನ ಕರೆಯೋಣ."

"ಅವನ ಮನೆ ಹಾಳಾಗ. ಕೂತ್ಕೊಳ್ಳಿ. ನನ್ನನ್ನ ಕೇಳಿ."

ಅವನು ಕೂತ. ಮೂರು ತುದಿಗಳನ್ನು ಬಿಡಿಸಿ ಹಿಡಿದ. ಒಂದನ್ನು ಹೆಂಡತಿಯ ಮುಂದೆ ಚಾಚಿದ. "ಇದು ಯಾವ ಬಣ್ಣ?"

"ಹಸಿರು."

"ಇದು?"

"ಕೆಂಪು. ಸ್ವಲ್ಪ ಮಾಸಿದೆ, ಆದ್ರೆ ಕೆಂಪೇ."

ಅವನು ಪ್ಲಗ್ ಜೋಡಿಸಿದ. ಸ್ವಿಚ್ ಹಾಕಿ ಮಿಷನ್ನಿನ ಮೈಗೆ ಟೆಸ್ಟರ್ ಇಟ್ಟ, ಮತ್ತೆ ಇಟ್ಟ. ನಾಳೆಯಣ್ಣ ಮೂರನೆಯ ಸಲ ಟೆಸ್ಟರ್ ಎತ್ತುವಷ್ಟರಲ್ಲಿ ಅಮ್ಮ ಅವನ ಕೈ ಸರಿಸಿ, ತನ್ನ ಬಲಗೈಯನ್ನು ಚಕ್ರದ ಮೇಲೆ ಇಟ್ಟಳು. ಅಪ್ಪನ ಬಾಯಿಂದ ಒಂದು ಕೂಗು ಹೊರಟಿತು. ಅವಳು ಕೈ ತೆಗೆಯಲಿಲ್ಲ, ಕಾಲಿನಿಂದ ಮೋಟರಿನ ಪೆಡಲ್ ಒತ್ತಿದಳು. ಚಕ್ರ ಅವಳ ಬೆರಳುಗಳ ಕೆಳಗೆ ತಿರುಗತೊಡಗಿತು.