ಮನೆ ಸೇರಿದರೇ ಎಂದು ಕೇಳುತ್ತಿದ್ದ ಜಡ್ಜು

ಕಪ್ಪು ಗೌನು ತೊಟ್ಟು ಪೀಠದಲ್ಲಿ ಕೂತರೆ ಜಡ್ಜ್ ರತ್ನಮ್ಮನವರ ಇಂಗ್ಲಿಷಿಗೆ ದೊಡ್ಡ ದೊಡ್ಡ ವಕೀಲರೇ ತಡವರಿಸುತ್ತಿದ್ದರು. ಗೌನು ಕಳಚಿ ಚೇಂಬರಿಗೆ ಬಂದರೋ, ಅಪ್ಪಟ ಮಂಡ್ಯ. "ಉಸ್ಸಪ್ಪಾ, ಆ ವಕೀಲ ಬಾಯೇ ಮುಚ್ಚಾಕಿಲ್ವಲ್ಲವ್ವ! ಒಸಿ ಕಾಪಿ ಕೊಡು ಅತ್ಲಾಗೆ." ಮೂರು ವರ್ಷದ ಮಗುವಾಗಿ ಅಮೆರಿಕಕ್ಕೆ ಬಂದವರು, ತಾಯಿಯ ಬಾಯಿಂದ ಕಲಿತದ್ದಷ್ಟೇ ಅವರ ಕನ್ನಡ. ಫೆಡರಲ್ ಕೋರ್ಟಿನಲ್ಲಿ ಅವರ ಕ್ಲರ್ಕಾಗಿದ್ದ ನಾನು ಮೈಸೂರಿನವಳು. ಮೊದಮೊದಲು ಒಳಗೊಳಗೇ ನಗುತ್ತಿದ್ದೆ. ಬರಬರುತ್ತಾ ನನ್ನ ಕನ್ನಡವೇ ಸಪ್ಪೆ ಅನ್ನಿಸತೊಡಗಿತು.

ಅವರ ಮೇಜಿನ ಮೇಲೆ ನೀಲಿ ರಟ್ಟಿನ ಒಂದು ನೋಟ್‌ಬುಕ್ಕಿತ್ತು. ತಾವು ಜೈಲಿಗೆ ಕಳಿಸಿದ ಪ್ರತಿಯೊಬ್ಬರ ಹೆಸರು, ಪಕ್ಕದಲ್ಲಿ ಬಿಡುಗಡೆಯಾಗಬೇಕಾದ ದಿನ. ಆ ದಿನ ಕಳೆದ ಮರುಬೆಳಿಗ್ಗೆ, ಬಿಡುಗಡೆಯಾದವರನ್ನು ನೋಡಿಕೊಳ್ಳುವ ಪ್ರೊಬೇಷನ್ ಆಫೀಸರಿಗೆ ಫೋನು ಹೋಗುತ್ತಿತ್ತು: ಮನೆ ಸೇರಿದರೇ? ಬೇರೆ ಯಾವ ಜಡ್ಜೂ ಹೀಗೆ ವಿಚಾರಿಸಿದ್ದನ್ನು ನಾನು ಕಂಡಿಲ್ಲ. ಕೇಳಿದರೆ, "ಕಳ್ಸ್‌ದೋರು ನಾವು. ಸೇರ್ಕಂಡ್ರಾ ಅಂತ ನಾವಲ್ದೆ ಇನ್ಯಾರ್ ಕೇಳಾರು?" ಅನ್ನುತ್ತಿದ್ದರು. ನನ್ನನ್ನೂ ಬಿಟ್ಟವರಲ್ಲ. ಸಂಜೆ ನಾನು ಎವರ್‌ಗ್ರೀನ್ ಬಡಾವಣೆಯ ನನ್ನ ಮನೆ ತಲುಪಿದ ಕೂಡಲೇ ಮೆಸೇಜು ಹಾಕಬೇಕು. ಫ್ರೀವೇಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡರೆ ಅವರೇ ಫೋನ್ ಮಾಡಿ, "ಎಲ್ಲಿದ್ದೀಯವ್ವ?"

ಆ ನೋಟ್‌ಬುಕ್ಕೇ ನನ್ನ ತಪ್ಪನ್ನು ಹಿಡಿಯಿತು. ಪಕ್ಕದೂರು ಮಾರ್ಗನ್ ಹಿಲ್‌ನ ಡ್ಯಾನಿಯಲ್ ಎಂಬಾತನಿಗೆ ಎರಡು ಅಪರಾಧಕ್ಕೆ ಎರಡು ಶಿಕ್ಷೆಯಾಗಿತ್ತು. ಎರಡೂ ಒಟ್ಟಿಗೇ ನಡೆಯಲಿ ಎಂದು ಮೇಡಂ ಕೋರ್ಟಿನಲ್ಲಿ ಹೇಳಿದ್ದರು. ಹಳೆಯ ಆದೇಶವೊಂದನ್ನು ನಮೂನೆಯಾಗಿಟ್ಟುಕೊಂಡು ಹೊಸದನ್ನು ಟೈಪ್ ಮಾಡುವುದು ನನ್ನ ರೂಢಿ. ಅಂದು ಒಂದು ಸಾಲು ಬದಲಿಸಲು ಮರೆತೆ. ಒಂದು ಮುಗಿದ ಮೇಲೆ ಇನ್ನೊಂದು ಎಂದೇ ಉಳಿದುಹೋಯಿತು. ಮೇಡಂ ಸಹಿ ಹಾಕಿದರು, ವಕೀಲರೂ ಗಮನಿಸಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿದ್ದ ಬಿಡುಗಡೆಯ ದಿನ ಕಳೆದ ಮರುಬೆಳಿಗ್ಗೆ ಮೇಡಂ ಎಂದಿನಂತೆ ಫೋನ್ ಮಾಡಿದರೆ, "ಅವನಿಗಿನ್ನೂ ಎರಡು ವರ್ಷ ಇದೆಯಲ್ಲ" ಎಂಬ ಉತ್ತರ ಬಂತು. ಪಕ್ಕದಲ್ಲೇ ನಿಂತಿದ್ದ ನಾನು ಆದೇಶದ ಪ್ರತಿ ತೆಗೆದು ನೋಡಿದೆ. ಆ ಸಾಲು ಹಾಗೇ ಇತ್ತು.

ಮರುದಿನವೇ ವಕೀಲರನ್ನು ಕರೆಸಿ ಆದೇಶ ತಿದ್ದಿದರು. ತುಂಬಿದ ಕೋರ್ಟಿನಲ್ಲಿ ಇಂಗ್ಲಿಷಿನಲ್ಲೇ ಹೇಳಿದರು: "ಈ ತಪ್ಪಿನ ಕೆಳಗಿರುವ ಸಹಿ ನನ್ನದು. ಕ್ಷಮೆ ಕೇಳಬೇಕಾದವಳೂ ನಾನೇ." ನನ್ನ ಹೆಸರೆತ್ತಲಿಲ್ಲ. ಡ್ಯಾನಿಯಲ್ ನಾಲ್ಕು ದಿನ ತಡವಾಗಿ ಮನೆ ಸೇರಿದ.

ಚೇಂಬರಿನಲ್ಲಿ ನಾನು ಅತ್ತುಬಿಟ್ಟೆ. "ಸುಮ್ಕಿರವ್ವ. ಸರ್ಯಾಗ್ ಓದ್ದಂಗೆ ಸೈನ್ ಆಕಿದ್ದು ನನ್ ತಪ್ಪು, ಅದ್ನ ನಾನ್ ಒಪ್ಕಂಡೆ. ನಿಂದ ನೀನೇ ಒಪ್ಕಬೇಕು. ಯಾವತ್ತಾರ ಅವನು ಎದ್ರಿಗೆ ಸಿಕ್ರೆ ಯೋಳ್ಬುಡು."

ನಾನು ಹೇಳಲಿಲ್ಲ. ಒಮ್ಮೆ ಯಾವುದೋ ಕಾಗದಕ್ಕೆಂದು ಅವನು ಕೋರ್ಟಿಗೆ ಬಂದಾಗ ಫೈಲುಗಳ ಕೋಣೆಗೆ ಹೋಗಿ ಅವಿತುಕೊಂಡೆ. ಮೇಡಂ ಅದನ್ನು ನೋಡಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಿವೃತ್ತರಾದ ಮೇಲೆ ಕಾಯಿಲೆ ಬಿದ್ದರು. ಕೊನೆಯ ಸಲ ಕ್ಯಾಂಪ್‌ಬೆಲ್‌ನ ಅವರ ಮನೆಯಲ್ಲಿ ನೋಡಿದಾಗ ದನಿ ಸೋತಿತ್ತು. ಆದರೂ ನಾನು ಎದ್ದು ಹೊರಟಾಗ, "ಮನೆ ಸೇರ್ಕಂಡು ಒಂದ್ ಫೋನ್ ಮಾಡವ್ವ" ಅಂದರು. ಮಾಡಿದೆ. ಅವರ ಮಗಳು ಫೋನೆತ್ತಿ, "ಅಮ್ಮ ಈಸ್ ಸ್ಲೀಪಿಂಗ್, ಆಂಟಿ. ಐ ವಿಲ್ ಟೆಲ್ ಹರ್" ಎಂದಳು. ಅದಾಗಿ ಎರಡು ದಿನಕ್ಕೆ ಮೇಡಂ ಹೋಗಿಬಿಟ್ಟರು.

ಶ್ರದ್ಧಾಂಜಲಿ ಸಭೆಯ ಕೊನೆಯ ಸಾಲಿನಲ್ಲಿ ಡ್ಯಾನಿಯಲ್ ಕೂತಿದ್ದ. ಈ ಸಲ ನಾನು ಅವಿತುಕೊಳ್ಳಲಿಲ್ಲ. ಆ ನಾಲ್ಕು ದಿನ ನನ್ನಿಂದಾದದ್ದು, ಆದೇಶ ಟೈಪ್ ಮಾಡಿದವಳು ನಾನು ಎಂದು ಹೇಳಿಬಿಟ್ಟೆ.

"ಅದರಲ್ಲಿ ಮೂರನೆಯ ದಿನ ನನ್ನ ಮಗಳ ಹುಟ್ಟುಹಬ್ಬವಿತ್ತು" ಎಂದ. ಆಮೇಲೆ, "ಹೇಳಿದ್ದು ಒಳ್ಳೆಯದಾಯಿತು."

ಪಾರ್ಕಿಂಗ್ ಲಾಟಿನವರೆಗೆ ಜೊತೆಯಲ್ಲೇ ನಡೆದೆವು. ಅವನು ಕಾರು ಹತ್ತುವಾಗ ನನ್ನ ನಂಬರು ಕೊಟ್ಟು, ಮನೆ ಸೇರಿದ ಮೇಲೆ ಒಂದು ಮೆಸೇಜು ಹಾಕಿ ಎಂದೆ. ವಿಚಿತ್ರವಾಗಿ ನೋಡಿದವನು ಸಣ್ಣಗೆ ನಕ್ಕ.

ಮುಕ್ಕಾಲು ಗಂಟೆಯಲ್ಲಿ ಮೆಸೇಜು ಬಂತು, ಮನೆ ಸೇರಿದೆ ಎಂದು. ಮೇಡಂಗೆ ತಿಳಿಸಬೇಕೆಂದು ಅವರ ನಂಬರು ಒತ್ತಿಯೇಬಿಟ್ಟಿದ್ದೆ.