ಕಾಗೆ ಮುಟ್ಟಿದ ಎಲೆ

ಮಂಡ್ಯದಲ್ಲಿ ಓದುತ್ತಿದ್ದಾಗ ಗೆಳತಿಯ ಅಜ್ಜಿಯ ತಿಥಿಗೆಂದು ಪೂರಿಗಾಲಿಗೆ ಹೋಗಿದ್ದೆ. ನಾನು ಹಾಲು, ಮೊಸರು, ತುಪ್ಪ ಬಿಟ್ಟವಳು. "ತುಪ್ಪ ಇಲ್ದೆ ಅದೇನ್ ಊಟ ಕಣಮ್ಮ?" ಎಂದು ಗೊಣಗುತ್ತಲೇ ಗೆಳತಿಯ ತಾಯಿ ನನ್ನ ಎಲೆಗೆ ಬರೀ ಮುದ್ದೆ, ಅವರೆಕಾಳು ಸಾರು ಬಡಿಸಿದರು. ಅಜ್ಜಿಗಿಟ್ಟ ಎಡೆಯನ್ನು ಕಾಗೆ ಮುಟ್ಟುವ ತನಕ ಯಾರೂ ಉಣ್ಣುವ ಹಾಗಿಲ್ಲ. ಎಲೆ ಮುಂದೆ ಕಾದು ಕೂತೆವು.

ಕೊನೆಗೊಂದು ಕಾಗೆ ಬಂತು. ತುಪ್ಪ ಸುರಿದ ಎಡೆಯನ್ನು ದಾಟಿ, ಅಂಗಳದ ಅಷ್ಟೂ ಎಲೆಗಳನ್ನು ಬಿಟ್ಟು, ನನ್ನ ಮುದ್ದೆಗೇ ಕೊಕ್ಕು ಹಾಕಿತು.

ಗೆಳತಿಯ ತಾಯಿ ನನ್ನೆದುರು ಕುಸಿದು ಕೂತು, ನನ್ನ ಮುಖವನ್ನೇ ನೋಡುತ್ತಾ ಕೇಳಿದರು: "ಯಾಕವ್ವ, ಬದುಕಿದ್ದಾಗ ಒಂದ್ಸಲಾನೂ ಏಳ್ನಿಲ್ವಲ್ಲ, ತುಪ್ಪ ಬ್ಯಾಡ ಅಂತ?"

ಹಾಲು ಯಾಕೆ ಬಿಟ್ಟೆ ಎಂದು ಎಲ್ಲಿ ಹೋದರೂ ವಾದಕ್ಕೆ ಬರುತ್ತಾರೆ. ಆ ಮನೆಯಲ್ಲಿ ಮಾತ್ರ ಎರಡನೇ ಮುದ್ದೆಯನ್ನು ಕೈಮುಗಿದು ಬಡಿಸಿದರು. ಉಂಡದ್ದು ನಾನೋ ಅಜ್ಜಿಯೋ, ಹೊಟ್ಟೆಯಂತೂ ತುಂಬಿತ್ತು.